ಹಳೇ ಮನೆಯ ಉಗ್ರಾಣದಲ್ಲಿ ಮೂರು ರೂಮಿನ ಹೋಂಸ್ಟೇ: ಬಾವಿ, ಹಳ್ಳ ಕೆಡದ ಹಾಗೆ ನಡೆಸುವುದು ಹೇಗೆ?

ಕಾಫಿತೋಟದ ಮಗಳು

ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯಿಂದ ಸ್ವಲ್ಪ ಒಳಗೆ ನಮ್ಮದು ಆರು ಎಕರೆ ತೋಟ. ರೋಬಸ್ಟಾ, ನಡುವೆ ಮೆಣಸು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬರೇ ಇದ್ದರು, ಹಾಗಾಗಿ ಬೆಂಗಳೂರಿನ ಕೆಲಸ ಬಿಟ್ಟು ಎರಡು ವರ್ಷದ ಹಿಂದೆ ನಾನು, ನಮ್ಮ ಯಜಮಾನರು ಊರಿಗೆ ಬಂದೆವು. ಮನೆ ಅಜ್ಜನ ಕಾಲದ್ದು. ಮಂಗಳೂರು ಹೆಂಚು, ದಪ್ಪ ಮಣ್ಣಿನ ಗೋಡೆ, ಉದ್ದದ ಜಗಲಿ. ಹಿಂದುಗಡೆ ಕಾಫಿ ತುಂಬಿಡುತ್ತಿದ್ದ ಉಗ್ರಾಣ ಖಾಲಿ ಬಿದ್ದಿದೆ. ಅದನ್ನು ಮೂರು ರೂಮು ಮಾಡಿ ಹೋಂಸ್ಟೇ ಶುರು ಮಾಡೋಣ ಅಂತ ಯೋಚನೆ.

ಒಂದು ವಿಷಯ ಮನಸ್ಸಿಗೆ ಚುಚ್ಚುತ್ತಿದೆ. ನಮ್ಮ ತೋಟದ ಮೇಲ್ಗಡೆ ಒಂದು ದೊಡ್ಡ ರೆಸಾರ್ಟ್ ಆಗಿದೆ, ಹೆಸರು ಬೇಡ. ಅದು ಬಂದ ಮೇಲೆ ಹಳ್ಳದಲ್ಲಿ ಸೋಪಿನ ನೊರೆ ಬರುತ್ತಿದೆ. ಚಿಕ್ಕವಳಿದ್ದಾಗ ಅಣ್ಣನ ಜೊತೆ ಕಲ್ಲು ಎತ್ತಿ ಏಡಿ ಹಿಡಿಯುತ್ತಿದ್ದ ಹಳ್ಳ ಅದು. ಮೊನ್ನೆ ಅಮ್ಮ ಕಾಲು ತೊಳೆಯಲು ಇಳಿದವರು ಹಾಗೇ ಮೇಲೆ ಬಂದರು, ವಾಸನೆ ಬರುತ್ತದೆ ಅಂದರು. ನಮ್ಮಿಂದ ಕೆಳಗಿನ ಮನೆಯವರಿಗೆ ಹೀಗಾಗಬಾರದು. ಹಾಗೆ ಆಗುವುದಾದರೆ ಹೋಂಸ್ಟೇನೇ ಬೇಡ.

ಹಾಗಾಗಿ ಅನುಭವ ಇರುವವರನ್ನು ಕೇಳುತ್ತಿದ್ದೇನೆ. ಉಗ್ರಾಣದಿಂದ ಬಾವಿಗೆ ಸುಮಾರು 40 ಅಡಿ, ಶೌಚಾಲಯದ ಗುಂಡಿ ಎಲ್ಲಿ ಮಾಡಿಸಬೇಕು? ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಸ್ನಾನಕ್ಕೆ ಬಿಸಿನೀರು ಹೇಗೆ? ಪಂಚಾಯಿತಿ ಕಸದ ಗಾಡಿ ವಾರಕ್ಕೊಮ್ಮೆ ಮೂರು ಕಿಲೋಮೀಟರ್ ಆಚೆ ಮೇನ್ ರೋಡಿಗೆ ಬರುತ್ತದೆ ಅಷ್ಟೇ, ಬಂದವರು ತರುವ ಪ್ಲಾಸ್ಟಿಕ್ ಏನು ಮಾಡುವುದು? ಇನ್ನೊಂದು, ಸ್ವಿಮ್ಮಿಂಗ್ ಪೂಲ್ ಇಲ್ಲದಿದ್ದರೆ ಯಾರೂ ಬುಕ್ ಮಾಡುವುದಿಲ್ಲ ಅಂತ ನನ್ನ ಮೈದುನ ಹೇಳುತ್ತಲೇ ಇದ್ದಾನೆ. ನಿಜಾನಾ?

ತೀರ್ಥಹಳ್ಳಿ ಅಡಿಕೆಮನೆ

ನೋಡಮ್ಮ, ನಾವು ತೀರ್ಥಹಳ್ಳಿ ಹತ್ತಿರ ಒಂಬತ್ತು ವರ್ಷದಿಂದ ಎರಡು ರೂಮು ನಡೆಸುತ್ತಿದ್ದೇವೆ. ಸೋಲಾರ್, ಬಿದಿರಿನ ಬ್ರಷ್, ಬಟ್ಟೆ ಚೀಲ ಎಲ್ಲ ಆಮೇಲೆ. ಮೊದಲು ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡು.

ನಾವು ಮಾಡಿದ ತಪ್ಪು ಹೇಳುತ್ತೇನೆ. ಊರಲ್ಲಿ ಎಲ್ಲರೂ ಮಾಡುವ ಹಾಗೆ ಒಂದು ಗುಂಡಿ ತೋಡಿಸಿ, ಸಿಮೆಂಟ್ ರಿಂಗ್ ಇಳಿಸಿ, ಮೇಲೆ ಚಪ್ಪಡಿ ಮುಚ್ಚಿದೆವು. ತೋಡಿಸಿದ್ದು ಮಾರ್ಚ್‌ನಲ್ಲಿ. ಹನ್ನೆರಡು ಅಡಿ ಹೋದರೂ ಒಣ ಜಂಬಿಟ್ಟಿಗೆ ಕಲ್ಲು, ಒಂದು ಹನಿ ನೀರಿಲ್ಲ, ಒಳ್ಳೇ ಜಾಗ ಸಿಕ್ಕಿತು ಅಂದುಕೊಂಡೆವು. ಜುಲೈ ಬಂದಾಗ ಅದೇ ಜಾಗದಲ್ಲಿ ನಾಲ್ಕು ಅಡಿಗೆ ನೀರು. ಅಂದರೆ ನಮ್ಮ ಗುಂಡಿ ಮಳೆಗಾಲವಿಡೀ ನೀರಿನಲ್ಲಿ ಮುಳುಗಿ ಕೂತಿತ್ತು, ಜಂಬಿಟ್ಟಿಗೆಯ ತೂತುಗಳಲ್ಲಿ ಅದು ಎಲ್ಲಿಗೆ ಬೇಕಾದರೂ ಹರಿಯುತ್ತದೆ, ನಮ್ಮದು ಬಾವಿಗೇ ಹರಿಯಿತು.

ಬಾವಿ ನೀರು ನೋಡಲು ತಿಳಿಯಾಗಿಯೇ ಇತ್ತು. ವಾಸನೆ ಇಲ್ಲ, ರುಚಿಯೂ ಬದಲಾಗಿರಲಿಲ್ಲ. ಒಮ್ಮೆ ಪಂಚಾಯಿತಿ ನೀರುಗಂಟಿ ಪರೀಕ್ಷೆಯ ಬಾಟಲಿ ತಂದುಕೊಟ್ಟ. ಕೆಮ್ಮಿನ ಔಷಧಿ ಬಾಟಲಿಯಷ್ಟು ಚಿಕ್ಕದು. ಗೆರೆಯವರೆಗೆ ನೀರು ತುಂಬಿ ಮುಚ್ಚಳ ಹಾಕಿ ಅಡುಗೆಮನೆ ಕಪಾಟಿನ ಮೇಲೆ ಇಟ್ಟೆ. ಮಾರನೇ ದಿನ ಬೆಳಗ್ಗೆ ಹಾಲು ಕಾಯಿಸಲು ಹೋದವಳು ಲೈಟ್ ಹಾಕಿ ನೋಡಿದರೆ ಒಳಗಿನ ನೀರು ಕಾಡಿಗೆ ಕಪ್ಪು. ಕಪ್ಪಾದರೆ ಮಲದ ನೀರು ಸೇರಿದೆ ಅಂತ ಅರ್ಥ. ಅದೇ ನೀರನ್ನು ಬಂದವರ ಹೂಜಿಗೆ ತುಂಬಿಸಿದ್ದೆ. ನಮ್ಮ ಮೊಮ್ಮಗನೂ ಕುಡಿದಿದ್ದ. ಆ ಬೆಳಗ್ಗೆ ಕೈಕಾಲು ನಡುಗಿದ್ದು ಇವತ್ತಿಗೂ ಮರೆತಿಲ್ಲ.

ಈಗ ಹೇಗೆ ಮಾಡಿದ್ದೇವೆ ಅಂದರೆ, ತಳ, ಗೋಡೆ ಎಲ್ಲ ಗಿಲಾವು ಮಾಡಿ ನೀರು ಸೋರದ ಹಾಗೆ ಕಟ್ಟಿದ ಮೂರು ಕೋಣೆಯ ಸೆಪ್ಟಿಕ್ ಟ್ಯಾಂಕ್. ಅದರಿಂದ ಹೊರಬರುವ ನೀರು ಜಲ್ಲಿ ತುಂಬಿದ ಒಂದು ಉದ್ದನೆಯ ತೊಟ್ಟಿಗೆ ಹೋಗುತ್ತದೆ. ತೊಟ್ಟಿ ಎರಡಡಿ ಆಳ, ತಳಕ್ಕೆ ಕಾಂಕ್ರೀಟು, ಅದರ ತುಂಬ ಕಾಬಾಳೆ ಗಿಡ. ನೀರು ಯಾವತ್ತೂ ಜಲ್ಲಿಯ ಮೇಲೆ ಕಾಣಬಾರದು, ಕಂಡರೆ ಸೊಳ್ಳೆ ಶುರು. ಬೇರುಗಳ ನಡುವೆ ನಿಧಾನ ಹರಿದು ಕೊನೆಗೆ ಬಾಳೆ ಬುಡಕ್ಕೆ ಹೋಗುತ್ತದೆ. ಬಚ್ಚಲಿನ ನೀರಿಗೆ ಬೇರೆ ಸಾಲು. ಇಷ್ಟೆಲ್ಲ ಬಾವಿಗಿಂತ ಕೆಳಗಿನ ಜಾಗದಲ್ಲಿ ಇರಬೇಕು, 50 ಅಡಿಯಾದರೂ ದೂರ ಬೇಕು, ನಮ್ಮಂಥ ಜಾಗದಲ್ಲಿ ಜಾಸ್ತಿ ಇದ್ದಷ್ಟೂ ಒಳ್ಳೆಯದು. ನಿನ್ನದು 40 ಅಡಿ ಅಂದೆಯಲ್ಲ, ಉಗ್ರಾಣ ಬಾವಿಗಿಂತ ಮೇಲಿದೆಯಾ ಕೆಳಗಿದೆಯಾ? ಮೇಲಿದ್ದರೆ ಪೈಪ್ ಎಳೆದು ಟ್ಯಾಂಕನ್ನು ಬಾವಿ ದಾಟಿಸಿ ಕೆಳಗೆ ತೆಗೆದುಕೊಂಡು ಹೋಗು, ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ.

ಆಮೇಲೆ ಫಿನಾಯಿಲು, ಆಸಿಡ್ ಮರೆತುಬಿಡು. ಟ್ಯಾಂಕಿನಲ್ಲಿ ಕೊಳೆಸುವ ಕೆಲಸ ಮಾಡುವ ಜೀವಾಣುಗಳು ಅದರಿಂದ ಸಾಯುತ್ತವೆ, ಟ್ಯಾಂಕ್ ಬರೀ ಹೊಲಸು ತುಂಬಿದ ಗುಂಡಿ ಆಗುತ್ತದೆ. ನಾನು ಅಂಟವಾಳ ಕುದಿಸಿದ ನೀರು, ಜೊತೆಗೆ ಗಟ್ಟಿ ಬ್ರಷ್ಷಿನಲ್ಲಿ ತಿಕ್ಕುತ್ತೇನೆ. ಕೈ ನೋಯುತ್ತದೆ, ಆದರೆ ಹೊಳೆಯುತ್ತದೆ.

ಸಾಗರದ ಸೋಲಾರಿನವನು

ಮೇಡಂ, ನಾನು ಸಾಗರ, ಹೊಸನಗರ ಕಡೆ ಹನ್ನೆರಡು ವರ್ಷದಿಂದ ಸೋಲಾರ್ ಕೆಲಸ ಮಾಡುತ್ತಿದ್ದೇನೆ. ಬಿಸಿನೀರು, ಕರೆಂಟಿನ ಬಗ್ಗೆ ಮಾತ್ರ ಹೇಳುತ್ತೇನೆ.

ಮಲೆನಾಡಿನಲ್ಲಿ ಜನ ಮೋಸ ಹೋಗುವುದು ಒಂದೇ ಜಾಗದಲ್ಲಿ. ಚಾವಣಿ ಮೇಲೆ ಪ್ಯಾನೆಲ್ ಹಾಕಿಸಿ ಗ್ರಿಡ್‌ಗೆ, ಅಂದರೆ ಕಂಬದ ಕರೆಂಟ್ ಲೈನಿಗೆ ಜೋಡಿಸುತ್ತಾರೆ, ಇನ್ನು ಕರೆಂಟ್ ಹೋದರೂ ಚಿಂತೆ ಇಲ್ಲ ಅಂದುಕೊಳ್ಳುತ್ತಾರೆ. ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್, ಲೈನ್ ಕರೆಂಟ್ ಹೋದ ಕೂಡಲೇ ತಾನೂ ನಿಂತುಹೋಗುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿದ್ದಾರೆ, ಅದು ಸರಿಯೇ. ಆದರೆ ಗಾಳಿಗೆ ಮರ ಬಿದ್ದು ನಾಲ್ಕು ದಿನ ಲೈನ್ ಇಲ್ಲ ಅಂದರೆ ನಿಮ್ಮ ಪ್ಯಾನೆಲ್ ಸುಮ್ನೆ ಕೂತಿರುತ್ತದೆ. ನಿಮಗೆ ಬೇಕಾಗಿರುವುದು ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್. ಬಲ್ಬು, ಫ್ಯಾನು, ಫೋನ್ ಚಾರ್ಜು, ಇಷ್ಟಕ್ಕೆ ಬ್ಯಾಟರಿ ಸಾಕು. ಗೀಸರನ್ನು ಅದಕ್ಕೆ ಜೋಡಿಸುವ ಆಸೆ ಬೇಡ. ಒಂದು ಗೀಸರ್ 2 ಕಿಲೋವ್ಯಾಟ್, ಮೂರು ರೂಮಿನವರೂ ಬೆಳಗ್ಗೆ ಏಳಕ್ಕೆ ಒಟ್ಟಿಗೆ ಹಾಕಿದರೆ 6 ಕಿಲೋವ್ಯಾಟ್, ಯಾವ ಬ್ಯಾಟರಿ ತಡೆಯುತ್ತದೆ ಹೇಳಿ.

ಚಾವಣಿ ಸೋಲಾರ್‌ಗೆ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಬಂತು. 1 ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲೆ 78,000 ರೂಪಾಯಿ ಸಹಾಯಧನ. ಅದು ಮನೆ ಮೀಟರ್‌ಗೆ ಮಾತ್ರ. ನಿಮ್ಮ ಮೀಟರ್ ಯಾವ ಲೆಕ್ಕದಲ್ಲಿದೆ ಅಂತ ನೋಡಿಕೊಂಡು ಅರ್ಜಿ ಹಾಕಿ.

ಇನ್ನು ಸೋಲಾರ್ ವಾಟರ್ ಹೀಟರ್. ಅಕ್ಟೋಬರ್‌ನಿಂದ ಮೇವರೆಗೆ ಚೆನ್ನಾಗಿ ನಡೆಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಂಬಬೇಡಿ. ಆ ನಾಲ್ಕು ತಿಂಗಳಿಗೆ ಬಚ್ಚಲ ಒಲೆ, ಹಂಡೆ, ಬೇರೆ ದಾರಿ ನನಗಂತೂ ಕಂಡಿಲ್ಲ. ಅದರಲ್ಲಿ ತಪ್ಪೇನಿಲ್ಲ ಮೇಡಂ. ನಿಮ್ಮ ತೋಟದಲ್ಲೇ ಮರಗಸಿ ಮಾಡಿದಾಗ ಬೀಳುವ ಕೊಂಬೆ, ಕಿತ್ತ ಹಳೇ ಕಾಫಿ ಬುಡ, ಮೆಣಸಿನ ಒಣಬಳ್ಳಿ ಎಷ್ಟಿರುತ್ತದೆ! ಕಾಡಿಗೆ ಕೈ ಹಾಕುವ ಅಗತ್ಯವೇ ಇಲ್ಲ. ಒಲೆ ಮಾತ್ರ ಸರಿಯಾಗಿ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್‌ಸಿ) ರೂಪಿಸಿದ ಅಸ್ತ್ರ ಒಲೆ ಕೇಳಿರಬಹುದು. ಗಾಳಿ ಬರುವ ದಾರಿ, ಬೆಂಕಿ ಪಾತ್ರೆಯ ಸುತ್ತ ಸುತ್ತಿ ಹೋಗುವ ದಾರಿ, ಹೊಗೆ ಕೊಳವೆ, ಈ ಮೂರನ್ನೂ ಅಳತೆ ಪ್ರಕಾರ ಇಟ್ಟಿದ್ದಾರೆ, ಸೌದೆ ಕಡಿಮೆ ಸಾಕು, ಹೊಗೆ ಮನೆಯೊಳಗೆ ಬರುವುದಿಲ್ಲ. ಹಂಡೆ ಒಲೆಯನ್ನೂ ಅದೇ ರೀತಿ ಕಟ್ಟಿಸಿ. ಒಲೆ ಮೇಲಿನ ಅಟ್ಟದಲ್ಲಿ ಮಳೆಗಾಲದ ಬಟ್ಟೆಯೂ ಒಣಗುತ್ತದೆ.

ಗೋಬರ್ ಗ್ಯಾಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2 ಘನ ಮೀಟರಿನ ಘಟಕಕ್ಕೆ ದಿನಕ್ಕೆ 50 ಕಿಲೋದಷ್ಟು ಸಗಣಿ ಬೇಕು. ಮಲೆನಾಡು ಗಿಡ್ಡ ತಳಿಯ ದನ ಎರಡಿದ್ದರೆ ಸಾಲುವುದಿಲ್ಲ, ಅವು ಹಾಕುವುದೇ ಸ್ವಲ್ಪ. ದನ ಇಲ್ಲದಿದ್ದರೆ ಅದಕ್ಕೆ ಕೈ ಹಾಕಬೇಡಿ.

ಮಾದಾಪುರದ ಕಡೆಯವನು

ಅಕ್ಕ, ಪೂಲ್ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಬೇಡ.

ನಾನು ಕೊಡಗಿನವನು. 2018ರ ಆಗಸ್ಟ್‌ನ ಭೂಕುಸಿತ ನೋಡಿದವನು. ಆ ವರ್ಷ ಮಳೆ ಜಾಸ್ತಿ ಬಂದಿತ್ತು, ನಿಜ. ಆದರೆ ಗುಡ್ಡ ಜರಿದ ಜಾಗಗಳನ್ನು ನೋಡಿದ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯವರೂ ಬೆಟ್ಟದ ಇಳಿಜಾರನ್ನು ಮನಸ್ಸಿಗೆ ಬಂದ ಹಾಗೆ ಕಡಿದದ್ದನ್ನು ಎತ್ತಿ ಹೇಳಿದ್ದರು. ರಸ್ತೆಗೆ, ಮನೆಗೆ, ಹೋಂಸ್ಟೇಗೆ ಅಂತ ಜೆಸಿಬಿ ತಂದು ಗುಡ್ಡವನ್ನು ನೆಟ್ಟಗೆ ಕಡಿಯುತ್ತಾರೆ. ಮೇಲಿನ ಮಣ್ಣಿಗೆ ಆಧಾರ ಹೋಯಿತು, ಮಳೆನೀರು ಒಳಗೆ ಕುಡಿದು ಭಾರ ಆಯಿತು, ಒಂದು ರಾತ್ರಿ ಬಂತು ಅಷ್ಟೇ. ನಮ್ಮ ಮನೆ ಉಳಿಯಿತು, ಪಕ್ಕದ ತೋಟದಲ್ಲಿ ಅರ್ಧ ಎಕರೆ ಕಾಫಿ ಗಿಡ ನಿಂತ ಹಾಗೇ ಕೆಳಗೆ ಇಳಿದು ಗದ್ದೆಯಲ್ಲಿ ನಿಂತಿತ್ತು. ಕಣ್ಣಾರೆ ಕಂಡಿದ್ದೇನೆ. ನಿಮ್ಮ ಉಗ್ರಾಣ ಇದ್ದಲ್ಲೇ ಇದೆ, ಹೊಸದಾಗಿ ಮಣ್ಣು ಕಡಿಯುವ ಅಗತ್ಯ ಇಲ್ಲ, ಅದೇ ನಿಮ್ಮ ದೊಡ್ಡ ಅದೃಷ್ಟ. ಪೂಲ್‌ಗೆ, ಪಾರ್ಕಿಂಗ್‌ಗೆ ಅಂತ ಜೆಸಿಬಿ ಕರೆಸಬೇಡಿ.

ನೀರಿನ ಲೆಕ್ಕವನ್ನೂ ಮಾಡಿ ನೋಡಿ. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಚಿಕ್ಕ ಪೂಲ್ ಅಂದರೂ 22,000 ಲೀಟರ್ ದಾಟುತ್ತದೆ. ತೊಳೆದು ಬಿಡುವ ಕ್ಲೋರಿನ್ ನೀರು ಎಲ್ಲಿಗೆ? ನಿಮ್ಮ ಅದೇ ಹಳ್ಳಕ್ಕೆ, ಮೀನು, ಏಡಿ ಉಳಿಯುತ್ತವಾ? ಫೆಬ್ರವರಿ, ಮಾರ್ಚ್‌ನಲ್ಲಿ ನಿಮ್ಮ ರೋಬಸ್ಟಾಗೆ ಹೂಮಳೆ (ಹೂ ಅರಳಿಸುವ ಮಳೆ) ಬರದಿದ್ದರೆ ಸ್ಪ್ರಿಂಕ್ಲರ್ ಓಡಿಸಬೇಕು. ಅದರ ಬೆನ್ನಿಗೇ ಏಪ್ರಿಲ್‌ನಲ್ಲಿ ಶಾಲೆ ರಜೆ, ಜನ ಮುಗಿಬೀಳುತ್ತಾರೆ. ಗುಡ್ಡದಿಂದ ಇಳಿಯುವ ಅಬ್ಬಿ ನೀರು ಬೆರಳಷ್ಟು ಸಣ್ಣಗಾಗುವ ಕಾಲದಲ್ಲೇ ನಾವು ಅತಿ ಹೆಚ್ಚು ಜನರನ್ನು ಕರೆಯುತ್ತೇವೆ, ಇದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಮಳೆನೀರು ಹಿಡಿಯಬಹುದಲ್ವಾ ಅಂತ ಕೇಳುತ್ತೀರಿ. ಹಿಡಿಯಿರಿ. ಸಾವಿರ ಚದರ ಅಡಿ ಚಾವಣಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 90 ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ, ನಮ್ಮ ಮಳೆಗೆ ಅದು ಲಕ್ಷಗಟ್ಟಲೆ ಲೀಟರ್. ಆದರೆ ಇಡುವುದೆಲ್ಲಿ? 10,000 ಲೀಟರ್ ಟ್ಯಾಂಕ್ ತುಂಬಿಟ್ಟರೂ ಆರು ಜನ ಪೇಟೆಯ ಲೆಕ್ಕದಲ್ಲಿ ದಿನಕ್ಕೆ ತಲೆಗೆ 135 ಲೀಟರ್ ಬಳಸಿದರೆ ಹನ್ನೆರಡು ದಿನಕ್ಕೆ ಖಾಲಿ. ಹಾಗಾಗಿ ನಾವು ಶವರ್ ತೆಗೆದುಬಿಟ್ಟೆವು. ಹಂಡೆ, ಬಕೆಟ್, ಚೊಂಬು. ಬಕೆಟ್ ಸ್ನಾನಕ್ಕೆ 20 ಲೀಟರ್ ಸಾಕು, ಶವರ್ ಎರಡೇ ನಿಮಿಷದಲ್ಲಿ ಅಷ್ಟು ಸುರಿಯುತ್ತದೆ. ಏಪ್ರಿಲ್ ಹದಿನೈದರಿಂದ ಮಳೆ ಹಿಡಿಯುವವರೆಗೆ ಹೋಂಸ್ಟೇ ಬಾಗಿಲು ಹಾಕುತ್ತೇವೆ. ಆ ದಿನಗಳ ದುಡ್ಡು ಹೋಗುತ್ತದೆ. ಕೆಳಗಿನ ಮನೆಯವರ ಬಾವಿಯಲ್ಲಿ ನೀರು ಇರುತ್ತದೆ.

ಕಾಫಿತೋಟದ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೈದುನನಿಗೆ ಎಲ್ಲ ಓದಿ ಹೇಳಿದೆ. ಪೂಲ್ ಮಾತು ಬಿಟ್ಟಿದ್ದಾನೆ, ಆದರೆ ಹಂಡೆ ಸ್ನಾನ, ಬೇಸಿಗೆ ಬಂದ್ ಅಂದರೆ ಸಾಲದ ಕಂತು ಹೇಗೆ ಕಟ್ಟುವುದು ಅಂತ ಕೇಳುತ್ತಿದ್ದಾನೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅಡಿಕೆಮನೆ ಅಕ್ಕ, ಉಗ್ರಾಣ ಬಾವಿಗಿಂತ ಮೇಲಿದೆ. ಆ ಪರೀಕ್ಷೆ ಬಾಟಲಿ ನಾಳೆಯೇ ತರಿಸುತ್ತೇನೆ.

ರಜೆಗೆ ಬರುವವಳು

ನಾನು ಹೋಂಸ್ಟೇ ನಡೆಸುವವಳಲ್ಲ, ಬೆಂಗಳೂರಿನಿಂದ ವರ್ಷಕ್ಕೆ ಮೂರ್ನಾಲ್ಕು ಸಲ ಇಬ್ಬರು ಮಕ್ಕಳನ್ನು ಕರೆದುಕೊಂಡು ಬರುವವಳು. ನಮ್ಮ ಕಡೆಯಿಂದ ಒಂದು ಮಾತು. ಏನಿಲ್ಲ ಅನ್ನುವುದನ್ನು ಬುಕ್ ಮಾಡುವ ಮೊದಲೇ ಹೇಳಿಬಿಡಿ. ಪೂಲ್ ಇಲ್ಲ, ಡಿಜೆ ಇಲ್ಲ, ಟಿವಿ ಇಲ್ಲ, ಬಕೆಟ್ ಸ್ನಾನ, ಊಟ ಮನೆಯವರು ಉಣ್ಣುವುದೇ. ಹಾಗೆ ಫೋನಿನಲ್ಲೇ ಹೇಳಿದ ಒಂದು ಮನೆಗೆ ನಾವು ಐದು ಸಲ ಹೋಗಿದ್ದೇವೆ, ಯಾಕೆಂದರೆ ಅಲ್ಲಿಗೆ ಬರುವವರೆಲ್ಲ ಗೊತ್ತಿದ್ದೇ ಬಂದಿರುತ್ತಾರೆ, ಪಕ್ಕದ ರೂಮಿನಲ್ಲಿ ಗಲಾಟೆ ಇರುವುದಿಲ್ಲ.

ಅಲ್ಲಿ ಒಂದು ರಾತ್ರಿ ಮರೆಯಲಾಗುವುದಿಲ್ಲ. ಮೇ ಕೊನೆ, ಒಂದು ಮಳೆ ಬಿದ್ದಿತ್ತು. ಊಟ ಆದ ಮೇಲೆ ಆ ಮನೆಯ ಅಜ್ಜಿ ಅಂಗಳದ ಲೈಟ್ ಆರಿಸಿ ಜಗಲಿಯಲ್ಲಿ ಸುಮ್ನೆ ಕೂತುಕೊಳ್ಳಿ ಅಂದರು. ಐದು ನಿಮಿಷಕ್ಕೆ ಕಣ್ಣು ಕತ್ತಲಿಗೆ ಹೊಂದಿಕೊಂಡಿತು. ಆಮೇಲೆ ಎದುರಿನ ಹಲಸಿನ ಮರದ ತುಂಬ ಮಿಣುಕುಹುಳ, ಒಟ್ಟಿಗೆ ಹೊತ್ತಿಕೊಂಡು ಒಟ್ಟಿಗೆ ಆರುತ್ತಿದ್ದವು. ನನ್ನ ಚಿಕ್ಕವನು ಉಸಿರು ಬಿಡದೆ ನೋಡಿದ. ರಾತ್ರಿಯಿಡೀ ಫ್ಲಡ್ ಲೈಟ್ ಉರಿಸಿದರೆ ಆ ಹುಳಗಳು ಒಂದನ್ನೊಂದು ಕಂಡುಕೊಳ್ಳುವುದೇ ಕಷ್ಟ. ನಿಮ್ಮ ಅಂಗಳಕ್ಕೆ ಹಳದಿ ಬೆಳಕಿನ ಚಿಕ್ಕ ಬಲ್ಬು ಹಾಕಿ, ಅದೂ ಕೆಳಮುಖವಾಗಿ. ಈ ಕತ್ತಲೆಗೆ ನಾವು ದುಡ್ಡು ಕೊಡುತ್ತೇವೆ ಅಂತ ನಿಮ್ಮ ಮೈದುನನಿಗೆ ಹೇಳಿ.

ತೀರ್ಥಹಳ್ಳಿ ಅಡಿಕೆಮನೆ

ಪ್ಲಾಸ್ಟಿಕ್ ಬಗ್ಗೆ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ನಿಷೇಧ ಇದೆ, 2022ರ ಜುಲೈ 1ರಿಂದ ದೇಶಕ್ಕೆಲ್ಲ ಸ್ಟ್ರಾ, ಚಮಚದಂಥವು ನಿಂತವು. ಆದರೆ ನಮ್ಮ ಮನೆಗೆ ಬರುವ ಕಸದಲ್ಲಿ ಜಾಸ್ತಿ ಇರುವುದು ಚಿಪ್ಸ್ ಪ್ಯಾಕೆಟ್ಟು, ನೀರಿನ ಬಾಟಲಿ, ಮಗುವಿನ ಡೈಪರ್. ಬಾಟಲಿ ಗುಜರಿಯವನು ಒಯ್ಯುತ್ತಾನೆ. ಚಿಪ್ಸ್ ಪ್ಯಾಕೆಟ್ ಅವನಿಗೂ ಬೇಡ, ಒಳಗೆ ಬೆಳ್ಳಿ ಬಣ್ಣದ ಪದರ ಇರುತ್ತದಲ್ಲ, ಕರಗಿಸಲು ಬರುವುದಿಲ್ಲ. ಸುಡುವುದಂತೂ ಬೇಡವೇ ಬೇಡ, ಆ ಹೊಗೆ ವಿಷ.

ನಾನು ಬರುವವರಿಗೆ ಹಿಂದಿನ ದಿನ ಫೋನ್ ಮಾಡಿ ಹೇಳುತ್ತೇನೆ, ನೀರು ತರಬೇಡಿ, ಲಾವಂಚದ ಬೇರು ಹಾಕಿ ಕುದಿಸಿದ ನೀರು ಇದೆ, ತಿಂಡಿ ತರಬೇಡಿ, ಹಲಸಿನಕಾಯಿ ಚಿಪ್ಸ್, ಬಾಳೆಕಾಯಿ ಚಿಪ್ಸ್ ಡಬ್ಬಿಯಲ್ಲಿ ಇಟ್ಟಿರುತ್ತೇನೆ. ಆದರೂ ತಂದರೆ ಒಂದು ಬಟ್ಟೆ ಚೀಲ ಕೊಡುತ್ತೇನೆ, ನಿಮ್ಮ ಪ್ಯಾಕೆಟ್, ಡೈಪರ್ ಇದರಲ್ಲಿ ತುಂಬಿ ವಾಪಸ್ ಊರಿಗೆ ತೆಗೆದುಕೊಂಡು ಹೋಗಿ, ಅಲ್ಲಿ ದಿನಾ ಗಾಡಿ ಬರುತ್ತದೆ ಅಂತ. ಮೊದಮೊದಲು ಹೇಳಲು ಸಂಕೋಚ ಆಗುತ್ತಿತ್ತು. ಇಷ್ಟು ವರ್ಷದಲ್ಲಿ ಇಬ್ಬರು ಮಾತ್ರ ಮುಖ ಸಿಂಡರಿಸಿದ್ದು.

ದುಡ್ಡಿನ ಮಾತು. ನಮಗೂ ಸಾಲ ಇತ್ತು. ರೂಮಿನಿಂದ ಬರುವುದನ್ನು ಮೇಲುಖರ್ಚಿಗೆ ಅಂತ ಇಟ್ಟುಕೊಂಡೆವು, ಕಂತು ಅಡಿಕೆಯಿಂದ ಕಟ್ಟಿದೆವು. ಹೋಂಸ್ಟೇ ನಂಬಿ ಸಾಲ ಮಾಡಿದವರು ರೂಮು ಖಾಲಿ ಬಿಡಲು ಹೆದರುತ್ತಾರೆ, ಆಗ ಮೂರು ರೂಮಿನಲ್ಲಿ ಹದಿನೆಂಟು ಜನರನ್ನು ತುಂಬುತ್ತಾರೆ, ಟ್ಯಾಂಕ್ ಉಕ್ಕುತ್ತದೆ, ನಿನ್ನ ಹಳ್ಳದಲ್ಲಿ ನೊರೆ ಬರುವುದು ಹಾಗೆಯೇ. ಆದ್ದರಿಂದ ಸಾಲ ಕಡಿಮೆ ಮಾಡು. ಮೂರರ ಬದಲು ಒಂದೇ ರೂಮಿನಿಂದ ಶುರು ಮಾಡು. ಅಕ್ಕಿರೊಟ್ಟಿ, ಪತ್ರೊಡೆ, ತಂಬುಳಿ ನಿನ್ನ ಅಮ್ಮನ ಕೈಯಲ್ಲೇ ಆಗುತ್ತದೆ, ತರಕಾರಿ, ಮೊಟ್ಟೆ ಅಕ್ಕಪಕ್ಕದವರಿಂದ ತೆಗೆದುಕೋ. ಎಷ್ಟು ಜನ, ಏನು ಉಣ್ಣುತ್ತಾರೆ ಅಂತ ಮೊದಲೇ ಕೇಳಿ ಅಷ್ಟೇ ಮಾಡು, ಉಳಿದದ್ದು ಕಲಗಚ್ಚಿಗೆ. ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ನೋಂದಣಿ ಮಾಡಿಸುವುದು ಮರೆಯಬೇಡ, ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು.

ಕಾಫಿತೋಟದ ಮಗಳು

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಬಾಟಲಿ ಕಪ್ಪಾಗಿದೆ.

ಒಬ್ಬ ಅತಿಥಿಯೂ ಬಂದಿಲ್ಲ, ಇದು ನಮ್ಮದೇ ಹಳೇ ಗುಂಡಿ. ಅಪ್ಪ ಕಟ್ಟಿಸಿದ್ದು, ಬಚ್ಚಲ ಹಿಂದೆ ಇದೆ, ಅಳೆದು ನೋಡಿದರೆ ಬಾವಿಗೆ 28 ಅಡಿ. ಅಮ್ಮ ಇಷ್ಟು ವರ್ಷ ಕುಡಿದದ್ದು ಇದೇ ನೀರು. ಹೋಂಸ್ಟೇ ಈ ವರ್ಷ ಇಲ್ಲ. ಉಗ್ರಾಣಕ್ಕೆ ಅಂತ ಇಟ್ಟಿದ್ದ ದುಡ್ಡಿನಲ್ಲಿ ಮೊದಲು ನಮ್ಮ ಟ್ಯಾಂಕ್, ಬಾವಿಯಿಂದ ಕೆಳಗೆ. ಅಲ್ಲಿಯವರೆಗೆ ಬಾವಿಗೆ ಏನು ಮಾಡಲಿ ಅಕ್ಕ?

ತೀರ್ಥಹಳ್ಳಿ ಅಡಿಕೆಮನೆ

ಕುಡಿಯುವ ನೀರು ಚೆನ್ನಾಗಿ ಮರಳುವವರೆಗೆ ಕುದಿಸು, ಇವತ್ತಿನಿಂದಲೇ. ಬಾವಿಗೆ ಬ್ಲೀಚಿಂಗ್ ಪುಡಿ, ಸಾವಿರ ಲೀಟರ್‌ಗೆ ಎರಡೂವರೆ ಗ್ರಾಂ. ಬಾವಿಯ ಸುತ್ತಳತೆ, ನೀರಿನ ಆಳ ಹೇಳಿದರೆ ನೀರುಗಂಟಿ ಲೆಕ್ಕ ಹಾಕಿ ಕೊಡುತ್ತಾನೆ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಬಾವಿಗೆ ಇಳಿಸಿ ಮೇಲೆ ಕೆಳಗೆ ಆಡಿಸು. ರಾತ್ರಿ ಹಾಕಿ ಬೆಳಗ್ಗೆ ಬಳಸು. ಹಳೇ ಗುಂಡಿ ಬಳಸುವುದು ನಿಲ್ಲಿಸುವವರೆಗೆ ಇದು ತಾತ್ಕಾಲಿಕ ಅಷ್ಟೇ. ಟ್ಯಾಂಕ್ ಆದ ಮೇಲೆ, ಜುಲೈನಲ್ಲಿ ನೀರು ಮೇಲೆ ಬಂದಾಗ ಇನ್ನೊಂದು ಬಾಟಲಿ ತುಂಬಿಸಿ ಇಡು. ಆವತ್ತು ಕಪ್ಪಾಗದಿದ್ದರೆ ನನಗೆ ಒಂದು ಸಾಲು ಬರಿ.